ಎರಡೂ ಕಡೆ ಒಂದೊಂದು ಇಂಚು

ಅವರು ಅಡ್ಡಡ್ಡಲಾಗಿ ನಡೆಯುತ್ತಿದ್ದರು. ಎಡ ಭುಜ ಮುಂದೆ, ಬಲ ಭುಜ ಹಿಂದೆ, ಹೊಟ್ಟೆಯನ್ನು ಒಳಗೆಳೆದುಕೊಂಡು, ತುಂಬಿದ ನಾಟಕಶಾಲೆಯಲ್ಲಿ ಕುಳಿತವರ ಮೊಣಕಾಲುಗಳನ್ನು ತಪ್ಪಿಸಿಕೊಂಡು ತಮ್ಮ ಕುರ್ಚಿಗೆ ಹೋಗುವವರಂತೆ. ನಮ್ಮ ಬೀದಿಯ ಫುಟ್‌ಪಾತಿನಲ್ಲಿ ಬೇರೆ ರೀತಿ ನಡೆಯುವುದು ಸಾಧ್ಯವೂ ಇರಲಿಲ್ಲ. ಅದರ ಮೇಲೆ ಏಳು ಕಾರುಗಳು ಅರ್ಧ ಮೈ ಹತ್ತಿಸಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ಆದರೆ ಒಮ್ಮೆ ಅವರನ್ನು ವಿಶಾಲವಾದ ಮೈದಾನವೊಂದರಲ್ಲಿ ಕಂಡೆ. ಸುತ್ತ ನೂರು ಗಜದಲ್ಲಿ ನರಪಿಳ್ಳೆಯಿಲ್ಲ. ಅಲ್ಲಿಯೂ ಮಹಾನುಭಾವರು ಅದೇ ಭುಜವನ್ನು ಮುಂದೆ ಮಾಡಿ, ಗಾಳಿಗೂ ತಾಗಬಾರದೆಂಬಂತೆ ಸಾಗುತ್ತಿದ್ದರು. ಆ ದಿನ ನನಗೆ ನಗು ಬಂದಿತ್ತು. ಈಗ ನೆನೆದರೆ ಬರುವುದಿಲ್ಲ.

ಬೀದಿಯೆಲ್ಲ ಅವರನ್ನು ಮಾಸ್ಟರು ಎಂದೇ ಕರೆಯುತ್ತಿತ್ತು. ಕೋಟುಗಳ ದೊಡ್ಡ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಕಟಿಂಗ್ ಮಾಸ್ಟರಾಗಿದ್ದು ನಿವೃತ್ತರಾದವರು. ಶಾಲೆಯಲ್ಲಿ ನಿಜವಾಗಿ ಪಾಠ ಹೇಳಿದವರು ಅವರ ಅಕ್ಕ. "ಮೂವತ್ತು ವರ್ಷ ಗಂಟಲು ಹರ್ಕೊಂಡವಳು ನಾನು, ಮಾಸ್ಟ್ರು ಅನ್ನಿಸ್ಕೊಂಡವನು ಇವನು" ಎಂದು ಆಕೆ ತಮ್ಮನನ್ನು ರೇಗಿಸುತ್ತಿದ್ದರು. ಇಬ್ಬರೂ ಮದುವೆಯಾದವರಲ್ಲ. ನಮ್ಮ ಮನೆಯಿಂದ ಮೂರನೆಯ ಕಟ್ಟಡದ ನೆಲಮಹಡಿಯಲ್ಲಿ, ಎರಡು ಕೋಣೆಗಳಲ್ಲಿ, ಒಬ್ಬರ ಕೆಮ್ಮಿಗೆ ಇನ್ನೊಬ್ಬರು ಎಚ್ಚರಾಗುತ್ತ ಬದುಕಿದ್ದರು.

ಮಾಸ್ಟರಿಗೆ ಒಂದೇ ಒಂದು ಕಂದು ಕೋಟು, ಸ್ವಹಸ್ತದಿಂದ ಹೊಲಿದದ್ದು. ಅದರ ಬಲ ಜೇಬಿನಲ್ಲಿ ಟೇಪು, ಎಡ ಜೇಬಿನಲ್ಲಿ ಹಳೆಯ ಅಂಗಡಿಯ ಅಳತೆ ಚೀಟಿಗಳ ಕಟ್ಟು. ಇಪ್ಪತ್ತು ವರ್ಷದ ಆ ಕೋಟು ಒಂದು ಕಡೆಯೂ ಬಿಗಿದದ್ದಿಲ್ಲ. "ಬಟ್ಟೆ ಮೈಯನ್ನ ಹಿಡ್ಕೋಬಾರ್ದು ಸಾರ್, ಸುಮ್ನೆ ಜೊತೆಗಿರ್ಬೇಕು" ಎನ್ನುವುದು ಅವರ ವೃತ್ತಿಧರ್ಮ. ಅಳತೆ ಕೊಡುವಾಗ ಎಲ್ಲ ಗಂಡಸರೂ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಮುಚ್ಚಿಡಲು ನೋಡುತ್ತಾರಂತೆ. ಮಾಸ್ಟರು ಟೇಪು ಸುತ್ತಿ ಸುಮ್ಮನೆ ನಿಲ್ಲುತ್ತಿದ್ದರು. "ಬಿಡಿ ಸಾರ್, ನಾನು ಕಾಯ್ತೀನಿ" ಎನ್ನುತ್ತಿದ್ದರು. ಉಸಿರು ಹೊರಬಂದ ಮೇಲೆಯೇ ಸಂಖ್ಯೆ ಬರೆದುಕೊಂಡು, ಅದರ ಮೇಲೆ ಇನ್ನೆರಡು ಇಂಚು ಲೂಸ್ ಬಿಡುತ್ತಿದ್ದರು.

ಅಕ್ಕನ ಕಾಲುಗಳು ಸೋತ ಮೇಲೆ, ಹತ್ತಿರದ ಚಿಕಿತ್ಸಾಲಯದವರು ಒಂದು ಗಾಲಿಕುರ್ಚಿಯನ್ನು ಬಳಸಲು ಕೊಟ್ಟಿದ್ದರು. ಪ್ರತಿ ಸಂಜೆ ನಾಲ್ಕಕ್ಕೆ ಮುಂಚೆ ಮಾಸ್ಟರು ಅಕ್ಕನನ್ನು ಅದರಲ್ಲಿ ಕೂರಿಸಿಕೊಂಡು ಬೀದಿಯ ತಿರುವಿನವರೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಅಲ್ಲೊಂದು ಕಲ್ಲುಬೆಂಚು, ಅದರೆದುರಿಗೆ ಆಕೆ ಪಾಠ ಹೇಳಿದ ಶಾಲೆ. ಗಂಟೆ ಬಾರಿಸಿದೊಡನೆ ಗೇಟಿನಿಂದ ಮಕ್ಕಳು ಕಿರುಚುತ್ತ ಹೊರಬೀಳುತ್ತಿದ್ದರು. ಅವರಲ್ಲಿ ಒಬ್ಬರಿಗೂ ಆಕೆಯ ಪರಿಚಯವಿರಲಿಲ್ಲ, ಆಕೆಗೂ ಅವರದಿಲ್ಲ. ಆದರೂ ಆ ಹತ್ತು ನಿಮಿಷದ ಗಲಾಟೆಯನ್ನು ಕೇಳಿಸಿಕೊಂಡು ಬಂದರೆ ಆಕೆಗೆ ಊಟ ಸೇರುತ್ತಿತ್ತು, ನಿದ್ದೆ ಹತ್ತುತ್ತಿತ್ತು.

ಆಗ ಬೀದಿಯಲ್ಲಿ ಎರಡು ಕಾರುಗಳಿದ್ದವು. ನೋಡನೋಡುತ್ತಿದ್ದಂತೆ ಏಳಾದವು. ಒಂದು ಸಂಜೆ ಗಾಲಿಕುರ್ಚಿ ಕಾರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಅಕ್ಕನ ಬಲಗೈಯ ಗೆಣ್ಣುಗಳು ಗೋಡೆಗೆ ಉಜ್ಜಿ ರಕ್ತ ಬಂತು. ಮರುದಿನ ಮಾಸ್ಟರು ರಸ್ತೆಗೇ ಇಳಿಸಿದರು. ಹಿಂದಿನಿಂದ ಬಂದ ಲಾರಿಯೊಂದು ಗಾಲಿಗೆ ಗೇಣು ದೂರದಲ್ಲಿ ಹಾದುಹೋಯಿತು. ಅಕ್ಕ ಬೆಳ್ಳಗೆ ಬಿಳಿಚಿಕೊಂಡು, "ಸಾಕು ಕಣೋ, ರಸ್ತೆಗಿಳಿಸ್ಬೇಡ ನನ್ನ. ದಾರಿ ಆದಾಗ ಹೋಗೋಣ" ಎಂದರು. ಅಂದಿನಿಂದ ಆಕೆಯ ಪಾಲಿಗೆ ಉಳಿದದ್ದು ಹಿಂಗೋಣೆಯ ಕಿಟಕಿ ಮತ್ತು ಅದರಾಚೆ ಪಕ್ಕದ ಮನೆಯ ಗೋಡೆ.

ಮಾಸ್ಟರು ನಗರಾಡಳಿತದ ಕಚೇರಿಗೆ ದೂರು ಹಿಡಿದುಕೊಂಡು ಹೋದರು. ಕಿಂಡಿಯ ಹಿಂದಿನ ಗುಮಾಸ್ತ, "ನಿಮ್ದು ಯಾವ ಕಾರು?" ಎಂದನಂತೆ. ಕಾರಿಲ್ಲ ಎಂದದ್ದಕ್ಕೆ, "ಮತ್ತೆ ನಿಮಗೇನ್ರೀ ಪಾರ್ಕಿಂಗ್ ತೊಂದ್ರೆ?" ಎಂದು ನಿಜಕ್ಕೂ ಕಕ್ಕಾಬಿಕ್ಕಿಯಾಗಿ ಕೇಳಿದನಂತೆ. ಮಾಸ್ಟರು ನಮಸ್ಕಾರ ಹೇಳಿ ಬಂದರು. ಜಗಳವಾಡುವುದು ಅವರ ಜಾಯಮಾನವಲ್ಲ.

ಅವರು ಟೇಪು ಹೊರತೆಗೆದರು. ದಿನವೂ ಮೂರೂವರೆಗೆ ಹೊರಟು, ಪ್ರತಿ ಕಾರಿನ ಪಕ್ಕದಲ್ಲೂ ಮಂಡಿಯೂರಿ, ಗೋಡೆಯಿಂದ ಕಾರಿನವರೆಗೆ ಅಳೆದು, ಚೀಟಿ ಬರೆದು, ಗಾಜಿನ ವೈಪರಿಗೆ ಸಿಕ್ಕಿಸುವುದು. ನನ್ನ ಕಾರಿಗೂ ಒಂದು ಬಂತು. ಎದೆ, ಸೊಂಟ, ತೋಳು ಎಂಬ ಅಚ್ಚಾದ ಕಾಲಮುಗಳನ್ನು ಹೊಡೆದುಹಾಕಿ, ಕೆಳಗೆ ದುಂಡನೆಯ ಅಕ್ಷರಗಳಲ್ಲಿ: "ಇರುವುದು ೨೨. ಬೇಕಾದದ್ದು ೨೭. ದಯಮಾಡಿ ಐದು ಇಂಚು ಬಿಚ್ಚಿಕೊಡಬೇಕು." ನಾನು ಮೂಗು ಮುರಿದೆ. ರಸ್ತೆ ಕಿರಿದು, ಕಾರನ್ನು ಮೇಲೆ ಹತ್ತಿಸುವುದು ಇತರ ವಾಹನಗಳಿಗೆ ನಾನು ಮಾಡುವ ಉಪಕಾರವೆಂದೇ ಪ್ರಾಮಾಣಿಕವಾಗಿ ನಂಬಿದ್ದವನು.

ಆದರೆ ಚೀಟಿಗಳು ನಿಲ್ಲಲಿಲ್ಲ. ಬೈದವರಿಗೂ ಬಂದವು, ಹರಿದೆಸೆದವರಿಗೂ ಬಂದವು, ಅದೇ ದುಂಡಕ್ಷರ, ಅದೇ 'ದಯಮಾಡಿ'. ಹತ್ತು ತಿಂಗಳಲ್ಲಿ, ನಾಚಿಕೆಯಿಂದಲೋ ಬೇಸತ್ತೋ, ಆರು ಕಾರುಗಳು ಇಪ್ಪತ್ತೇಳು ಇಂಚು ಬಿಟ್ಟವು. ನಾನು ಇಪ್ಪತ್ತಾರು ಬಿಟ್ಟೆ. ಇನ್ನೂ ಸರಿಸಿದರೆ ರಸ್ತೆಯ ಕಡೆಯ ಕನ್ನಡಿಗೆ ಯಾರಾದರೂ ಗುದ್ದಿಯಾರು ಎಂಬ ಹೆದರಿಕೆ. ಅದಕ್ಕಿಂತ ಮಿಗಿಲಾಗಿ, ಒಂದು ಇಂಚಿಗೆ ಈ ಮನುಷ್ಯ ಇಷ್ಟು ಪಟ್ಟು ಹಿಡಿಯುವುದೇ ಎಂಬ ಹಟ. "ಒಂದಿಂಚು ಸರಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಹೆಂಡತಿ ಕೇಳಿದಳು. ನಾನು ಪತ್ರಿಕೆ ಓದುತ್ತಿದ್ದೆ.

ಆ ದಿನಗಳಲ್ಲೇ ಒಮ್ಮೆ, ಕೋಟಿನ ತೋಳು ಸರಿಮಾಡಿಸಲು ಅವರ ಮನೆಗೆ ಹೋಗಿದ್ದೆ. ಹಿಂಗೋಣೆಯ ಕಿಟಕಿಯ ಬಳಿ ಅಕ್ಕ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಶಾಲು ಹೊದ್ದು, ಚಪ್ಪಲಿ ಹಾಕಿಕೊಂಡು, ಹೊರಡಲು ಸಿದ್ಧರಾದವರಂತೆ. ಆ ಸಿದ್ಧತೆ ದಿನಾ ಇರುತ್ತಿತ್ತೆಂದು ಆಮೇಲೆ ತಿಳಿಯಿತು.

"ಇವತ್ತು?" ಎಂದರು ಆಕೆ.

"ಇನ್ನೊಂದೇ ಕಾರು ಅಕ್ಕ. ಒಂದೇ ಇಂಚು."

"ಯಾರದ್ದೋ ಅದು?"

ಮಾಸ್ಟರು ಸೂಜಿಗೆ ದಾರ ಪೋಣಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. "ಯಾರದ್ದೋ ಪಾಪ, ಕೊಡ್ತಾರೆ ಬಿಡು" ಎಂದರು.

ಕಿವಿಯೆಲ್ಲ ಬಿಸಿಯಾಯಿತು. ಮನೆಗೆ ಬಂದವನು ಅಂದೇ ಕಾರು ಸರಿಸಬೇಕಿತ್ತು. ಬೆಳಗ್ಗೆ ಹೊರಗೆ ತೆಗೆದಾಗ ನೋಡಿಕೊಂಡರಾಯಿತು ಎಂದುಕೊಂಡೆ. ಆ ವಾರ ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಕ್ಕ ಏಳಲಿಲ್ಲ.

ಎಲ್ಲ ಮುಗಿದ ಮರುವಾರ ಗಾಲಿಕುರ್ಚಿಯನ್ನು ಚಿಕಿತ್ಸಾಲಯಕ್ಕೆ ಹಿಂದಿರುಗಿಸಬೇಕಾಗಿತ್ತು. ನಾನೂ ಜೊತೆಗೆ ಹೊರಟೆ. ಖಾಲಿ ಕುರ್ಚಿಯನ್ನು ಮಾಸ್ಟರು ತಳ್ಳುತ್ತಿದ್ದರು, ಒಳಗೆ ಯಾರೋ ಇದ್ದಾರೆಂಬಷ್ಟೇ ಜೋಪಾನವಾಗಿ. ನನ್ನ ಕಾರು ಹತ್ತಿರವಾದಾಗ, "ತಡೀರಿ, ಕೀಲಿ ತರ್ತೀನಿ" ಎಂದು ಓಡಿದೆ. ಹಿಂದಿರುಗಿ ಬರುವಷ್ಟರಲ್ಲಿ ಕುರ್ಚಿ ಕಾರನ್ನು ದಾಟಿ ಆಚೆ ನಿಂತಿತ್ತು. ಎಲ್ಲಿಯೂ ತಾಗಿರಲಿಲ್ಲ, ಗೀರಿರಲಿಲ್ಲ. ಮಾಸ್ಟರು ಕುರ್ಚಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಮೆಲ್ಲಗೆ ಟೇಪು ತೆಗೆದು, ಒಂದು ಗಾಲಿಯ ಅಂಚಿನಿಂದ ಇನ್ನೊಂದರ ಅಂಚಿಗೆ ಹಿಡಿದರು.

"ಇಪ್ಪತ್ತೈದು" ಎಂದರು. ತಡೆದು, "ಅಕ್ಕನ ಕೈಗೆ ಮತ್ತೆ ತಾಗಬಾರ್ದು ಅಂತ ಎರಡೂ ಕಡೆ ಒಂದೊಂದು ಇಂಚು ಲೂಸ್ ಬಿಟ್ಟಿದ್ದೆ. ಕೈ ಮಡಿಲಲ್ಲಿಟ್ಕೋ ಅಂದಿದ್ರೆ ಸಾಕಿತ್ತು" ಎಂದರು.

ಕೀಲಿ ನನ್ನ ಮುಷ್ಟಿಯಲ್ಲಿ ಒತ್ತುತ್ತಿತ್ತು.

"ನಿಮ್ದೇನೂ ತಪ್ಪಿಲ್ಲ ಬಿಡಿ ಸಾರ್. ಅಳತೆ ನನ್ದು" ಎಂದು ಅವರೇ ನನಗೆ ಸಮಾಧಾನ ಹೇಳಿ, ಕುರ್ಚಿ ತಳ್ಳಿಕೊಂಡು ಮುಂದೆ ಹೋದರು. ಬೈದಿದ್ದರೆ ಬದುಕುತ್ತಿದ್ದೆ.

ನನ್ನ ಕಾರು ಈಗ ಎರಡು ಬೀದಿಯಾಚೆ, ನಿಲ್ಲಿಸಬೇಕಾದಲ್ಲಿ ನಿಲ್ಲುತ್ತದೆ; ಯಾರಿಗೂ ಇದರಿಂದ ಉಪಯೋಗವಿಲ್ಲ. ಚೀಟಿಗಳು ನಿಂತ ಮೇಲೆ ಉಳಿದ ಕಾರುಗಳು ಮೆಲ್ಲಮೆಲ್ಲನೆ ಗೋಡೆಯ ಕಡೆಗೆ ಸರಿದಿವೆ. ಮಾಸ್ಟರು ಇಂದಿಗೂ ನಾಲ್ಕಕ್ಕೆ ಮುಂಚೆ ಅವುಗಳ ನಡುವೆ ಅಡ್ಡಡ್ಡಲಾಗಿ ತೂರಿಕೊಂಡು ಹೋಗಿ, ಕಲ್ಲುಬೆಂಚಿನ ತುದಿಯಲ್ಲಿ, ಪಕ್ಕದಲ್ಲಿ ಕುರ್ಚಿಗೆ ಬೇಕಾಗುವಷ್ಟು ಜಾಗ ಬಿಟ್ಟು ಕೂರುತ್ತಾರೆ. ಒಮ್ಮೆ ನಾನು ಹೋಗಿ ಆ ಜಾಗದಲ್ಲಿ ನಿಂತೆ. ಅವರು ಮರ್ಯಾದೆಗೆ ಇನ್ನಷ್ಟು ಸರಿದರು. ಗಂಟೆ ಹೊಡೆಯಿತು, ಮಕ್ಕಳು ಬಂದರು, ಹೋದರು.

ಇಂಥವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ತಾವು ಹೊಟ್ಟೆ ಒಳಗೆಳೆದುಕೊಂಡು ಹಾದುಹೋಗುತ್ತಾರೆ; ತಮ್ಮವರಿಗೆ ಮಾತ್ರ ನೋವಾಗದಷ್ಟು ಜಾಗ ಕೇಳುತ್ತಾರೆ, ಅದನ್ನೂ 'ದಯಮಾಡಿ' ಎಂದೇ ಬರೆಯುತ್ತಾರೆ. ನಮಗೆ ಅದು ಹಟವೆಂದು ಕಾಣುತ್ತದೆ. ಅಳತೆ ತಪ್ಪಿತೆಂದು ಗೊತ್ತಾದ ದಿನ ತಪ್ಪನ್ನು ಅವರೇ ಹೊತ್ತುಕೊಂಡು ಹೋಗುತ್ತಾರೆ, ನಮ್ಮ ಪಾಲಿನ ಇಂಚನ್ನೂ ಅದರಲ್ಲೇ ಸೇರಿಸಿಕೊಂಡು.