ಕರಣೆ ಕೆರೆದ ನೆಲ

ನಾನು ಒಂದು ಕರಣೆ. ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು, ಕಮ್ಮಾರನೊಬ್ಬ ನನ್ನನ್ನು ಮಾಡಿದ. ಗಾರೆ ಕೆಲಸದ ಮೈಲಾರಪ್ಪ ಹತ್ತು ವರ್ಷ ನನ್ನಿಂದ ಗೋಡೆ ಮೆತ್ತಿದ. ಅವನ ಕಣ್ಣು ಮಂಜಾದ ಮೇಲೆ ಅವನ ಹೆಂಡತಿ ಹುಲಿಗೆಮ್ಮ ನನ್ನನ್ನು ಹಿಡಿದು ಉತ್ಖನನದ ಕೂಲಿಗೆ ಹೊರಟಳು. ಮೆತ್ತುವುದು ಮುಗಿದು, ನನಗೆ ಕೆರೆಯುವ ಕೆಲಸ ಬಂತು.

ಉತ್ಖನನ ನಡೆದದ್ದು ಹೊಳೆಯಾಚೆಯ ಹಾಳುಬಿದ್ದ ರಾಜಧಾನಿಯಲ್ಲಿ. ಅರಮನೆ, ಗುಡಿಗಳನ್ನು ಅಗೆದು ಮುಗಿಸಿದ್ದರು. ಕೋಟೆಯ ಹಿಂದಿನ ದಿಬ್ಬವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬಡವರ ಕೇರಿ ಅಲ್ಲಿತ್ತೇ ಎಂದು ನೋಡಲು ಒಂದೇ ಒಂದು ಗುಂಡಿ ತೋಡಿಸಿದರು. ಅಧಿಕಾರಿ ವಾದಿರಾಜರು ಕೆಟ್ಟವರಲ್ಲ. ಆದರೆ ಕಲ್ಲು ಕಂಡರಷ್ಟೇ ಅವರ ಮುಖ ಅರಳುತ್ತಿತ್ತು.

ಮೂರನೆಯ ದಿನ ನನ್ನ ಮೂತಿಗೆ ಏನೋ ನುಣ್ಣಗೆ ತಗುಲಿತು. ಹುಲಿಗೆಮ್ಮ ಕೈ ತಡೆದು, ಬೆರಳಿನಿಂದ ಸವರಿ ನೋಡಿದಳು.

"ಸಾಹೇಬ್ರ, ಇದು ಸಾರಿಸಿದ ನೆಲ ಐತ್ರಿ. ಪದರಿನ ಮ್ಯಾಲ ಪದರು. ನಮ್ಮ ಮನ್ಯಾಗೂ ಹಿಂಗ ಏಳತೈತ್ರಿ."

ವಾದಿರಾಜರು ಬಗ್ಗಿ ನೋಡಿದರು. ಮಣ್ಣಿನಲ್ಲಿ ಅವರಿಗೆ ಮಣ್ಣೇ ಕಂಡಿತು.

"ಬರೀ ಮಣ್ಣು ಕಣಮ್ಮ. ಇನ್ನೂ ಕೆಳಗೆ ಅಗಿ. ಮಳೆ ಹಿಡಿಯೋದರೊಳಗೆ ಮುಗಿಸಬೇಕು."

ಆಕೆ ಆ ನುಣುಪನ್ನು ಇನ್ನೊಮ್ಮೆ ಸವರಿದಳು. ಆಮೇಲೆ ನನ್ನನ್ನು ಒತ್ತಿದಳು. ಯಾವ ಕಾಲದ ಯಾವ ಹೆಂಗಸರೋ ಹಬ್ಬಹಬ್ಬಕ್ಕೆ ಸಾರಿಸಿದ್ದ ನೆಲ ಚಕ್ಕೆಚಕ್ಕೆಯಾಗಿ ಎದ್ದಿತು. ಮೂಲೆಯಲ್ಲಿ ಒಲೆ ಉರಿದ ಕರಿ ಕೂಡ ಇತ್ತು. ಎಲ್ಲವೂ ಬುಟ್ಟಿಯಲ್ಲಿ ಹೋಗಿ ಹೊರಗೆ ಬಿತ್ತು. ಕೆಳಗೆ ಬರೀ ಗರಸು ಮಣ್ಣು. ವಾದಿರಾಜರು ಗುಂಡಿಯ ಅಂಚಿನಲ್ಲಿ ನಿಂತು ಗುಮಾಸ್ತನಿಗೆ ಬರೆಸಿದರು: "ಇಲ್ಲಿ ಜನವಸತಿಯ ಕುರುಹು ಇಲ್ಲ."

ಆ ಒಂದು ಸಾಲು ಸಾಕಾಯಿತು. ಎರಡು ವರ್ಷಗಳಲ್ಲಿ ದಿಬ್ಬವನ್ನು ಸಪಾಟು ಮಾಡಿ, ಪ್ರವಾಸಿಗರ ಬಸ್ಸು ನಿಲ್ಲಿಸಲು ಡಾಂಬರು ಹಾಕಿದರು. ಕೇರಿಗೆ ಕೇರಿಯೇ ಹೋಯಿತು. ನಾನು ಕಬ್ಬಿಣ, ಹಿಡಿದವರು ಒತ್ತಿದತ್ತ ಹೋಗುವವನು. ಹಾಗೆಂದು ಸಮಾಧಾನ ಹೇಳಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ಆ ನುಣುಪು ಮೊದಲು ತಗುಲಿದ್ದು ನನಗೇ.

ಹುಲಿಗೆಮ್ಮ ಮತ್ತೆ ನನ್ನನ್ನು ಕೆಲಸಕ್ಕೆ ಹಿಡಿಯಲಿಲ್ಲ. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಳು. ಇಪ್ಪತ್ತು ವರ್ಷ ಅಲ್ಲೇ ತುಕ್ಕು ಹಿಡಿದೆ.

ಹೋದ ವಾರ ಆಕೆಯ ಮಗ ಭರಮಪ್ಪ ಮನೆಗೆ ಟೈಲ್ಸ್ ಹಾಕಿಸಲು ಮೇಸ್ತ್ರಿಯನ್ನು ಕರೆತಂದ. ಮೇಸ್ತ್ರಿ ನನ್ನನ್ನು ಸೂರಿನಿಂದ ಎಳೆದುಕೊಂಡು, ಸಾರಿಸಿದ ನೆಲ ಕೆರೆಯಲು ಕುಕ್ಕರಗಾಲಲ್ಲಿ ಕುಳಿತ. ಮುದುಕಿ ಎದ್ದು ಬಂದು ನನ್ನನ್ನು ಕಿತ್ತುಕೊಂಡಳು.

"ಕೆರಿಬ್ಯಾಡಪ್ಪ. ಏನ್ ಹಾಕತೀರೋ ಮ್ಯಾಲ ಹಾಕ್ರಿ. ಕೆಳಗಿಂದು ಇರ್ಲಿ."

"ಯಾಕಬೇ?" ಎಂದ ಭರಮಪ್ಪ.

"ಮುಂದ ಯಾರರ ಅಗದ್ರ, ಇಲ್ಲಿ ನಾವು ಇದ್ವಿ ಅಂತ ಗೊತ್ತಾಗ್ಲಿ."

ಮೇಸ್ತ್ರಿ ನಕ್ಕು ಮರಳು ಸುರಿದ. ಆಕೆ ನನ್ನನ್ನು ಮತ್ತೆ ಸೂರಿಗೆ ಸಿಕ್ಕಿಸಿದಳು.