ಮನಾಂಗ್ ಸೇಪಾ ಹೇಳಿದ ಊರು

ಊರಿಗೆಲ್ಲ ಮನಾಂಗ್, ಅಂದರೆ ಅಕ್ಕ, ಆಗಿದ್ದ ಸೇಪಾ ಯಾರ ಮನೆಗೂ ಮುಂಬಾಗಿಲಿನಿಂದ ಹೋದವಳಲ್ಲ. ಮೇಯರನ ಮನೆಯಿರಲಿ, ಪಾದ್ರಿಗಳ ಬಿಡಾರವಿರಲಿ, ಸುತ್ತಿಕೊಂಡು ಹಿತ್ತಲಿಗೆ ಹೋಗಿ, ಕೋಳಿಗಳನ್ನು ಕಾಲಿನಿಂದ ಸರಿಸಿ, ಅಡುಗೆಮನೆಯ ಹೊಸ್ತಿಲ ಮೇಲೆ ಬುಟ್ಟಿ ಇಳಿಸಿದ ಮೇಲೆಯೇ ಅವಳು ಬಂದದ್ದು ಮನೆಯವರಿಗೆ ತಿಳಿಯುತ್ತಿತ್ತು. ಬುಟ್ಟಿಯ ತುಂಬ, ತೆಂಗಿನ ಹಾಲು ಬೆರೆಸಿ ಬಾಳೆಯೆಲೆಯಲ್ಲಿ ಬೇಯಿಸಿದ ಅಂಟಕ್ಕಿಯ ಸುಮಾನ್; ಮೈಮೇಲೆ, ಯಾವನೋ ನಾವಿಕ ಬಿಟ್ಟುಹೋದ ದಪ್ಪ ನೀಲಿ ಕೋಟು. ಏಪ್ರಿಲ್ಲಿನ ಉರಿಬಿಸಿಲಿನಲ್ಲೂ ಅದನ್ನು ಕಳಚುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಬಿಚ್ಚಿದ್ರೆ ನಾನ್ಯಾರು ಅಂತ ನಾಯಿಗಳಿಗೆ ಗೊತ್ತಾಗಲ್ಲ ಮೇಷ್ಟ್ರೆ" ಅನ್ನುತ್ತಿದ್ದಳು. ಬಲಗಾಲನ್ನು ತುಸು ಹೊರಕ್ಕೆ ಬೀಸಿ, ಅಲೆಯ ಮೇಲಿನ ದೋಣಿಯಂತೆ ಓಲಾಡುತ್ತ ಅವಳು ಬೀದಿಯುದ್ದಕ್ಕೂ ಸಾಗುವಾಗ, ಹಿಂದೆ ಜನ ತುಂಬಿಕೊಂಡು ಬಂದ ಜೀಪ್ನಿಯ ಚಾಲಕ ಹಾರ್ನು ಹಾಕದೆ ತಾಳ್ಮೆಯಿಂದ ಕಾಯುತ್ತಿದ್ದ; ಎಷ್ಟೆಂದರೂ ಅವನ ಮುತ್ತಜ್ಜನ ಶೌರ್ಯ ಅವಳ ನಾಲಿಗೆಯ ಮೇಲಿತ್ತು.

ಸುಮಾನ್ ನೆಪ ಮಾತ್ರ. ಅವಳು ಮನೆಮನೆಗೆ ಹಂಚುತ್ತಿದ್ದುದು ನಮ್ಮೂರು ಬಗಾಸ್ಲಾನಿನ ಚರಿತ್ರೆಯನ್ನು. ಊರಿನ ಹಳೆಯ ಕಾಗದಪತ್ರಗಳೆಲ್ಲ ಯುದ್ಧಕಾಲದಲ್ಲಿ ಚರ್ಚಿನೊಡನೆಯೇ ಸುಟ್ಟು ಬೂದಿಯಾಗಿದ್ದವು. ಅಲ್ಲಿಂದಾಚೆಗೆ, ಹಿಂದೆ ಕಡಲುಗಳ್ಳರನ್ನು ಅಟ್ಟಿದವರು ಯಾರು, ಗಂಟೆಯನ್ನು ಬಾವಿಯಲ್ಲಿ ಬಚ್ಚಿಟ್ಟವರು ಯಾರು, ಕಾಲರಾ ಬಂದಾಗ ಹೆಣ ಹೊತ್ತವರು ಯಾರು ಎಂಬುದಕ್ಕೆಲ್ಲ ಅವಳೊಬ್ಬಳೇ ಆಧಾರ. "ಸುಳ್ಳಲ್ಲ ನೋಡು" ಎಂದು ಶುರುಮಾಡುವುದು ಅವಳ ಅಭ್ಯಾಸ. ಆ ಮಾತು ಬಂತೆಂದರೆ ಮುಂದಿನದನ್ನು ಸ್ವಲ್ಪ ಜೋಪಾನವಾಗಿ ನಂಬಬೇಕೆಂದು ಶಾಲೆಯ ಅಧ್ಯಾಪಕರಾದ ನಾವು ನಮ್ಮನಮ್ಮಲ್ಲೇ ನಗುತ್ತಿದ್ದೆವು; ಆದರೂ ಊರಿನ ಪೂರ್ವಕಾಲದ ಪಾಠ ಬಂದ ದಿನ ಮಕ್ಕಳನ್ನು ಕಳಿಸುತ್ತಿದ್ದುದು ಅವಳ ಬಳಿಗೇ.

ಅವಳಿಗೆ ಮಾತ್ರ ತನ್ನವರೆಂಬುವರಿರಲಿಲ್ಲ. ಹಿಂದೊಮ್ಮೆ ಬೀಸಿದ ಚಂಡಮಾರುತದ ಮರುದಿನ ದಡಕ್ಕೆ ಬಂದು ಬಿದ್ದಿದ್ದ ಮುರುಕು ದೋಣಿಯಲ್ಲಿ ಸಿಕ್ಕ ಕೂಸು ಅವಳು. ಪಾದ್ರಿಗಳಿಗೆ ಅಡುಗೆ ಮಾಡಿಕೊಂಡಿದ್ದ ವಿಧವೆಯೊಬ್ಬಳು ಸಾಕಿದಳು. ಮದುವೆಯಾಗಲಿಲ್ಲ. ಹೀಗಾಗಿ ಅವಳ ಕತೆಗಳಲ್ಲಿ ಊರಿನ ಎಲ್ಲರ ಹಿರಿಯರೂ ಓಡಾಡುತ್ತಿದ್ದರು, ಅವಳ ಹಿರಿಯರನ್ನು ಮಾತ್ರ ಬಿಟ್ಟು.

ಊರು ಸ್ಥಾಪಿಸಿದವನ ಪ್ರತಿಮೆಯನ್ನು ಚರ್ಚಿನ ಮುಂದಣ ಚೌಕದಲ್ಲಿ ನಿಲ್ಲಿಸುವುದಾಗಿ ಮೇಯರನು ಸಾರಿದ ವರ್ಷವೇ, ಕಡಲದಂಡೆಯ ಗೌಡೆನ್ಸಿಯೊ ದುಮಲಾಗನನ ಮಗಳು ಕರಿದಾದಳಿಗೂ ಹೊಳೆಯ ಮೇಲುಭಾಗದ ಪ್ಲಾಸಿದೊ ಬುಲಾಹನನ ಮಗನಿಗೂ ಮದುವೆಯ ಮಾತು ನಡೆದಿತ್ತು. ಹುಡುಗಿಯನ್ನು ಕೇಳಲು ಗಂಡಿನ ಕಡೆಯವರು ಇಡಿಯಾಗಿ ಸುಟ್ಟ ಹಂದಿಯನ್ನು ಹೊತ್ತು ಬಂದರು. ಕರಿದಾದಳ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನಾದ್ದರಿಂದ ನಾನೂ ಅಲ್ಲಿದ್ದೆ, ಪಾದ್ರಿಗಳೂ ಇದ್ದರು. ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದಾಗ ಪ್ಲಾಸಿದೊ ಹೆಂಡದ ಲೋಟವೆತ್ತಿ ಸಂತೋಷದಿಂದಲೇ ಹೇಳಿದ:

"ಊರು ಕಟ್ಟಿದವರ ಮನೆಗೆ ಸೊಸೆಯಾಗಿ ಬರ್ತಾಳೆ ಬೀಗರೆ, ಇನ್ನೇನು ಬೇಕು?"

ಗೌಡೆನ್ಸಿಯೊ ತನ್ನ ಲೋಟ ಕೆಳಗಿಟ್ಟ. "ಯಾರು ಕಟ್ಟಿದ್ದು?"

"ಯಾರಂದ್ರೆ? ನಮ್ಮ ಮುತ್ತಜ್ಜ. ಕಾಡು ಕಡಿದು ಮೊದಲನೇ ಗದ್ದೆ ಮಾಡಿದವನು ಅವನೇ ಅಲ್ವಾ."

"ನಮ್ಮ ಮುತ್ತಜ್ಜನ ದೋಣಿ ದಡ ಮುಟ್ಟಿದ ಮೇಲೇನೇ ರೀ ಇಲ್ಲಿ ಮನುಷ್ಯರ ವಾಸನೆ ಬಂದಿದ್ದು. ಅಲ್ಲೀವರೆಗೂ ನಿಮ್ಮ ಗದ್ದೇಲಿ ಮಂಗ ಇತ್ತು."

"ಹಂಗಂತ ಯಾರು ಹೇಳಿದ್ದು?"

"ಸೇಪಾ ಹೇಳಿದ್ದು."

"ನನಗೂ ಸೇಪಾನೇ ಹೇಳಿದ್ದು."

ಪ್ಲಾಸಿದೊನ ತಮ್ಮಂದಿರು ಹಂದಿಯನ್ನು ಮತ್ತೆ ಹೆಗಲಿಗೇರಿಸಲು ಎದ್ದರು. ಬಾಗಿಲ ಮರೆಯಲ್ಲಿದ್ದ ಕರಿದಾದಳ ಮುಖ ಬಿಳಿಚಿಹೋಯಿತು. ಒಳಗೆ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅಡುಗೆಗೆ ನೆರವಾಗಲು ಬಂದಿದ್ದ ಸೇಪಾ, ಕೋಟಿನ ತೋಳು ಮಡಚಿಕೊಂಡೇ, ಅದೇ ಮೊದಲ ಸಲ ಆ ಮನೆಯ ನಡುಕೋಣೆಗೆ ಬಂದು ನಿಂತಳು.

"ಸುಳ್ಳಲ್ಲ ನೋಡು, ಇಬ್ಬರಿಗೂ ಹೇಳಿದ್ದು ನಾನೇ. ಅರ್ಧ ಕೇಳಿಸ್ಕೊಂಡು, ನಮ್ಮಜ್ಜ ದೊಡ್ಡೋನು ಅಂತ ಎದ್ದು ಹೋದ್ರೆ ನಾನೇನ್ ಮಾಡ್ಲಿ? ಗೌಡೆನ್ಸಿಯೊ, ನಿಮ್ಮಜ್ಜನ ದೋಣೀಲಿ ಉಪ್ಪುಮೀನಿತ್ತು, ಅಕ್ಕಿ ಇರ್ಲಿಲ್ಲ. ಇವರಜ್ಜ ಗುಡ್ಡದಿಂದ ಇಳಿದು ಬಂದ, ಅವನ ಹತ್ರ ಅಕ್ಕಿ ಇತ್ತು, ಉಪ್ಪಿರ್ಲಿಲ್ಲ. ಇಬ್ಬರೂ ಕತ್ತಿ ಹಿಡ್ಕೊಂಡು ನೋಡ್ತಾ ನಿಂತಿದ್ರು, ಈಗ ನೀವು ನಿಂತಿದೀರಲ್ಲ, ಹಂಗೇ. ಆಗ ದೋಣಿಯವನ ತಂಗಿ ಕೆಳಗಿಳಿದು, ಒಲೆ ಹೂಡಿ, ಇಬ್ಬರದ್ದೂ ತಗೊಂಡು ಬೇಯಿಸಿ ಹಾಕಿದ್ಲು. ಗುಡ್ಡದವನು ಉಂಡ. ಉಂಡವನು ವಾಪಸ್ ಹೋಗ್ಲೇ ಇಲ್ಲ, ಅವಳನ್ನೇ ಮದುವೆಯಾದ. ಮೊದಲು ಬಂದೋನು ಯಾರು ಅಂತ ಅವತ್ತು ಯಾರೂ ಕೇಳ್ಲಿಲ್ಲ, ಅನ್ನ ತಣ್ಣಗಾಗ್ತಿತ್ತು. ಇವತ್ತೂ ತಣ್ಣಗಾಗ್ತಿದೆ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಹುಡುಗ ಹುಡುಗಿ ರಕ್ತಸಂಬಂಧಿಗಳಾಗ್ತಾರಲ್ಲ ಸೇಪಾ."

"ಅಷ್ಟು ಹಳೇ ರಕ್ತ ಇಷ್ಟೊತ್ತಿಗೆ ನೀರಾಗಿರುತ್ತೆ ಫಾದರ್."

ಯಾರೋ ನಕ್ಕರು. ಗೌಡೆನ್ಸಿಯೊ ಮಾತ್ರ ಇನ್ನೂ ಸಡಿಲಗೊಳ್ಳದೆ ಕೇಳಿದ: "ಆ ಹೆಂಗಸಿನ ಹೆಸರೇನು?"

ಎಂದೂ ತಡವರಿಸದವಳು ಅಂದು ತಡವರಿಸಿದಳು. ಕೋಟಿನ ಗುಂಡಿಯನ್ನು ತಿರುವುತ್ತ ನೆಲ ನೋಡಿದಳು. "ಹೆಸರನ್ನ ಯಾರೂ ನೆನಪಿಟ್ಕೊಳ್ಳಲಿಲ್ಲ ಕಣಪ್ಪ," ಎಂದಳು, ತೀರ ಮೆಲ್ಲಗೆ.

"ಸೇಪಾ ಅಂತಲೇ ಇರ್ಲಿ ಬಿಡಿ ಅಪ್ಪಾ," ಎಂದಳು ಬಾಗಿಲ ಮರೆಯಿಂದ ಕರಿದಾದ್.

ಗೌಡೆನ್ಸಿಯೊ ಮಗಳನ್ನು ನೋಡಿದ, ಸೇಪಾಳನ್ನು ನೋಡಿದ, ಕೊನೆಗೆ ಪ್ಲಾಸಿದೊನ ಲೋಟಕ್ಕೆ ಹೆಂಡ ಸುರಿದ. ತಮ್ಮಂದಿರು ಹಂದಿಯನ್ನು ಮೇಜಿನ ಮೇಲಿಟ್ಟರು. ಸೇಪಾ ಆಗಲೇ ಒಳಗೆ ಹೋಗಿಬಿಟ್ಟಿದ್ದಳು. ಅಡುಗೆಮನೆಯಲ್ಲಿ ಅವಳು ಬಹಳ ಹೊತ್ತು ಮೂಗು ಸೀಟುತ್ತಿದ್ದಳೆಂದೂ, ಕೇಳಿದವರಿಗೆ ಈರುಳ್ಳಿಯ ಕಡೆ ಕೈ ತೋರಿಸಿದಳೆಂದೂ ನನ್ನ ಹೆಂಡತಿ ಆಮೇಲೆ ಹೇಳಿದಳು.

ಮನೆಗೆ ಮರಳುವಾಗ ದಾರಿಯಲ್ಲಿ ಕೇಳಿದೆ: "ಮನಾಂಗ್, ಅದು ನಿಜವಾ?"

"ಅಷ್ಟು ಜನ ಕೂತು ಉಂಡು ಹೋದ್ರಲ್ಲ ಮೇಷ್ಟ್ರೆ, ಅದು ನಿಜ," ಎಂದು ಕಾಲು ಬೀಸುತ್ತ ಮುಂದೆ ನಡೆದಳು.

ಮೇಯರನು ಚೌಕದಲ್ಲಿ ನಿಲ್ಲಿಸಿದ್ದು ಕೊನೆಗೆ ಗಡಿಗೆಯ ಮುಂದೆ ಬಾಗಿದ ಒಬ್ಬ ಹೆಂಗಸನ್ನು. "ಮೂಗು ಉದ್ದವಾಯ್ತು, ನಮ್ಮ ಕಡೆಯವರಿಗೆ ಅಂಥ ಮೂಗು ಎಲ್ಲಿದೆ?" ಎಂದು ಸೇಪಾ ಶಿಲ್ಪಿಯನ್ನು ಅವನು ಊರು ಬಿಡುವವರೆಗೂ ಗೋಳುಹೊಯ್ದುಕೊಂಡಳು. 'ನಮ್ಮ ಕಡೆಯವರು' ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕರಿದಾದಳ ಮಕ್ಕಳು ಶಾಲೆಗೆ ಬರುವ ಕಾಲಕ್ಕೆ ಸೇಪಾ ನಿದ್ದೆಯಲ್ಲೇ ತೀರಿಕೊಂಡಳು. ದುಮಲಾಗನರೂ ಬುಲಾಹನರೂ ಎದೆಗೆ ಕಪ್ಪುಪಟ್ಟಿ ಸಿಕ್ಕಿಸಿಕೊಂಡು, ರಕ್ತಸಂಬಂಧಿಗಳಂತೆಯೇ ವರ್ಷವಿಡೀ ಶೋಕ ಹಿಡಿದರು.

ಸಣ್ಣ ಊರುಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಮಾತನ್ನು ಒರೆಗೆ ಹಚ್ಚಲು ಹೊರಟ ವಿದ್ವಾಂಸನಿಗೆ ಹೆಚ್ಚೇನೂ ಸಿಕ್ಕಲಾರದು. ಹೇಳಿಕೊಳ್ಳಲು ತಮ್ಮದೊಂದು ವಂಶವಿಲ್ಲದ ಕಾರಣದಿಂದಲೋ ಏನೋ, ಎಲ್ಲರ ವಂಶವನ್ನೂ ಅವರು ಸಮಾನವಾದ ಅಕ್ಕರೆಯಿಂದ ಬೆಳೆಸುತ್ತಾರೆ. ಜಗಳವಾಡಲಿದ್ದವರಿಗೆ ಒಬ್ಬಳು ಅಜ್ಜಿಯನ್ನು ಕಲ್ಪಿಸಿಕೊಟ್ಟು ಸುಮ್ಮನಾಗಿಸುತ್ತಾರೆ. ಒಂದೇ ಕಡೆ ಮನೆ ಕಟ್ಟಿಕೊಂಡಿರುವ ಜನರ ಗುಂಪು ಯಾವ ಗಳಿಗೆಯಲ್ಲಿ ಊರಾಗುತ್ತದೆಂದು ನನ್ನನ್ನು ಕೇಳಿದರೆ, ಅಂಥವರೊಬ್ಬರ ಮಾತನ್ನು ಎಲ್ಲರೂ ಸೇರಿ ನಂಬಲು ಒಪ್ಪಿದ ಗಳಿಗೆಯಲ್ಲಿ ಎಂದೇ ಹೇಳುತ್ತೇನೆ.