ನಂದಿಗುಡಿಯ ಮಂಗಳವಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಲ್ಲೂ ನನ್ನ ಸಂಶೋಧನೆಯಲ್ಲಿ ಯಾರಾದರೂ ತಪ್ಪು ಹುಡುಕಿದರೆ ಮುಗಿಯಿತು.

1963ರ ಬೇಸಿಗೆಯಲ್ಲಿ ದಾವಣಗೆರೆಯಲ್ಲೊಂದು ಕೋಣೆ ಹಿಡಿದು ಕೂತಿದ್ದೆ. ಸಿಡುಬಿನ ಲಸಿಕೆ ನಮ್ಮ ಬಿಸಿಲಿನಲ್ಲಿ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಊರು ದೂರವಾದಷ್ಟೂ ಲಸಿಕೆ ಸಾಯುತ್ತದೆ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ. ಸರಕಾರದ ಲಸಿಕೆಗಾರ ಖುದ್ದೂಸ್ ಸಾಬರು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಲಸಿಕೆಯ ಕೊಳವೆಗಳನ್ನಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಸೋಮವಾರ ಹತ್ತಿರದ ಹದಡಿ, ಮಂಗಳವಾರ ಹರಿಹರ ದಾಟಿ ದೂರದ ನಂದಿಗುಡಿ.

ಲಸಿಕೆ ಹಾಕಿದ ಎಂಟನೆಯ ದಿನ ನಾನೇ ಹೋಗಿ ಮಕ್ಕಳ ತೋಳು ನೋಡಿದೆ. ಹದಡಿಯಲ್ಲಿ ಬಹುಪಾಲು ಮಕ್ಕಳಿಗೆ ಗುಳ್ಳೆ ಎದ್ದಿತ್ತು, ಅಂದರೆ ಲಸಿಕೆ ಹತ್ತಿತ್ತು. ನಂದಿಗುಡಿಯಲ್ಲಿ ನಲವತ್ತು ಮಕ್ಕಳಲ್ಲಿ ಆರು ಮಂದಿಗೆ ಮಾತ್ರ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ನನ್ನ ಮಾತೇ ಗೆದ್ದಿತ್ತಲ್ಲ.

ಖುದ್ದೂಸ್ ಸಾಬರು ಒಪ್ಪಲಿಲ್ಲ. "ಸಾಹೇಬ್ರೆ, ದಾರಿಯುದ್ದಕ್ಕೂ ಬಟ್ಟಿಗೆ ನೀರು ಹಾಕೀನ್ರಿ. ಮದ್ದು ಕೆಟ್ಟಿಲ್ಲ. ಬ್ಯಾರೆ ಏನೋ ಆಗೈತಿ. ಅದು ಏನಾರ ಆಗ್ಲಿ, ನಾಳೇನ ಹೋಗಿ ಇನ್ನೊಮ್ಮೆ ಹಾಕಿ ಬರ್ತೀನಿ."

"ಬ್ಯಾಡ," ಅಂದೆ. "ಮುಂದಿನ ತಿಂಗಳು ಐಸ್ ಪೆಟ್ಟಿಗೆಯಲ್ಲಿ ತರಿಸಿದ ಲಸಿಕೆಯನ್ನ ಅದೇ ಮಕ್ಕಳಿಗೆ ಹಾಕಿ ಹೋಲಿಸಬೇಕು. ಈಗ ಹಾಕಿದ್ರೆ ಎಲ್ಲ ಕೆಡ್ತದೆ."

"ಮಕ್ಕಳು ಒಂದು ತಿಂಗಳು ಮದ್ದಿಲ್ದ ಇರ್ತಾವಲ್ರಿ."

ನನಗೆ ಕೆಂಡದಂಥ ಸಿಟ್ಟು ಬಂತು. ಅಂದೇ ವರದಿ ಬರೆದೆ: ಲಸಿಕೆ ಬಿಸಿಲಿಗೆ ಕೆಟ್ಟಿದೆ, ಲಸಿಕೆಗಾರರು ಗಡಿಗೆಯನ್ನು ತಂಪಾಗಿಟ್ಟಿಲ್ಲ. ವಾರದೊಳಗೆ ಇಪ್ಪತ್ತು ವರ್ಷ ಸೇವೆ ಮಾಡಿದ ಮನುಷ್ಯನನ್ನು ಕೆಲಸದಿಂದ ದೂರವಿಟ್ಟರು.

ಐಸ್ ಪೆಟ್ಟಿಗೆ ಬರುವ ಮೊದಲೇ ನಂದಿಗುಡಿಗೆ ಸಿಡುಬು ಬಂತು. ಏಳು ವರ್ಷದ ಬಸವಣ್ಣೆಮ್ಮ ಎಂಬ ಹುಡುಗಿ ತೀರಿಕೊಂಡಳೆಂದು ಸುದ್ದಿ ಬಂದ ಬೆಳಿಗ್ಗೆ ನಾನು ಹೊಸ ಲಸಿಕೆ ತೆಗೆದುಕೊಂಡು ಓಡಿದೆ. ಹರಿಹರದ ಬಸ್ ನಿಲ್ದಾಣದಲ್ಲಿ ಖುದ್ದೂಸ್ ಸಾಬರು ನಿಂತಿದ್ದರು. ಯಾರೂ ಕರೆದಿರಲಿಲ್ಲ. "ಮನಿ ಮನಿ ನನಗ ಗೊತ್ತೈತಿ, ಬರ್ರಿ," ಎಂದಷ್ಟೇ ಅಂದರು.

ಹುಡುಗಿಯ ಅಜ್ಜಿ ಮರುಳಸಿದ್ದಮ್ಮ ಜಗಲಿಯಲ್ಲಿ ಕೂತಿದ್ದರು. ಮಡಿಲಲ್ಲಿ ನಾಲ್ಕು ವರ್ಷದ ಮೊಮ್ಮಗ. ನಮ್ಮನ್ನು ಕಂಡವರೇ ತಡೆಯಲಾರದೆ ಹೇಳಿದರು.

"ಅವತ್ತು ಮಂಗಳವಾರ ಡಾಕ್ಟ್ರೇ. ದೇವಿ ಅಮ್ಮನ ದಿನ ಮೈಗೆ ಕಬ್ಬಿಣ ತಾಕಿಸಬಾರ್ದು. ಹಂಗಂತ ಬಿಸಲಾಗ ಬಾಗಿಲಿಗೆ ಬಂದೋರಿಗೆ ಒಲ್ಲೆ ಅನ್ನಾಕ ಆಗ್ತತೇನು? ತೋಳು ಕೊಟ್ವಿ. ಸಾಬ್ರು ಆ ಕಡಿ ಹೋಗಾದ ತಡ, ಅರಿಶಿಣದ ನೀರಿನಾಗ ತೊಳೆದುಬಿಟ್ವಿ. ಓಣಿ ಹೆಂಗಸ್ರೆಲ್ಲ ಹಂಗೇ ಮಾಡಿದ್ವಿ."

ಗಡಿಗೆ ತಂಪಾಗಿಯೇ ಇತ್ತು. ಲಸಿಕೆ ಸತ್ತಿರಲಿಲ್ಲ, ಹತ್ತುವ ಮೊದಲೇ ತೊಳೆದುಹೋಗಿತ್ತು. ಇದನ್ನು ತಿಳಿಯಲು ನಾನು ಆ ಓಣಿಯಲ್ಲಿ ಒಬ್ಬ ಹೆಂಗಸನ್ನು ಕೇಳಿದ್ದರೆ ಸಾಕಿತ್ತು. ನಾನು ತೋಳು ನೋಡಿದೆ, ಮುಖ ನೋಡಲಿಲ್ಲ.

"ಹುಡುಗೀನ ನಾನ ಕೊಂದ್ನೇನ್ರಿ?" ಎಂದು ಅಜ್ಜಿ ಕೇಳಿದರು.

ಖುದ್ದೂಸ್ ಸಾಬರು ತಲೆ ತಗ್ಗಿಸಿದರು. ನನ್ನ ಮೇಲೆ ದೂರು ಹೇಳಲು ಅವರು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಾಯಿತು. ನಾನೂ ಸುಮ್ಮನಿದ್ದರೆ ಆ ಮುದುಕಿ ಸಾಯುವವರೆಗೂ ಅದೇ ಪ್ರಶ್ನೆ ಹೊತ್ತು ತಿರುಗಬೇಕಿತ್ತು.

"ಇಲ್ಲ ಅಜ್ಜಿ," ಅಂದೆ. "ನೀವು ತೊಳೆದ ಮೇಲೂ ಕಾಲ ಇತ್ತು. ಎಂಟು ದಿನಕ್ಕೇ ಇವರು ಮತ್ತೆ ಬಂದು ಹಾಕ್ತೀನಿ ಅಂದ್ರು. ಬ್ಯಾಡ ಅಂದವನು ನಾನು. ತಪ್ಪು ಇವರ ಮೇಲೆ ಹೊರಿಸಿದವನೂ ನಾನೇ. ಇವತ್ತೇ ಮೇಲಿನವರಿಗೆ ಹಂಗಂತ ಬರೀತೀನಿ."

ಅಜ್ಜಿ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಮೊಮ್ಮಗನ ಅಂಗಿಯ ತೋಳು ಮೇಲಕ್ಕೆ ಮಡಚಿದರು. ನಾನು ಲಸಿಕೆಯ ಕೊಳವೆ ಒಡೆದು ಮುಂದೆ ಬಂದೆ.

"ನೀವು ಬ್ಯಾಡ," ಎಂದರು ಮರುಳಸಿದ್ದಮ್ಮ. "ಸಾಬ್ರು ಹಾಕ್ಲಿ."